ನೋವಿನ ಸಾಕ್ಷ್ಯವನ್ನು ನಂಬಬೇಕು

ವಯಸ್ಕನಾದ ಮನುಷ್ಯನ ತೂಕದಲ್ಲಿ ನೂರಕ್ಕೆ 30ರಿಂದ 40 ಪಾಲು ಸ್ನಾಯುಗಳದ್ದು. ನಡೆಯುವುದು, ನಗುವುದು, ಉಸಿರಾಡುವುದು, ಬರೆಯುವುದು ಇವೆಲ್ಲವೂ ಅವುಗಳಿಂದಲೇ ನಡೆಯತಕ್ಕ ಕಾರ್ಯಗಳು. ಇಷ್ಟು ವಿಸ್ತಾರವಾದ, ಇಷ್ಟು ರಕ್ತಸಮೃದ್ಧವಾದ ಮಾಂಸರಾಶಿಯು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟವಾಗಬೇಕಾಗಿತ್ತೆಂದು ಯಾರಾದರೂ ಭಾವಿಸಿಯಾರು. ವಸ್ತುಸ್ಥಿತಿಯು ಹಾಗಿಲ್ಲ. ಚರ್ಮದಲ್ಲಿ ಕುರುವಾಗುವುದನ್ನೂ, ಗಂಟಲು ಬಾಯುವುದನ್ನೂ, ಶ್ವಾಸಕೋಶದಲ್ಲಿ ಕಫ ತುಂಬುವುದನ್ನೂ ನಾವು ಪ್ರತಿದಿನವೂ ಕಾಣುತ್ತೇವೆ. ಸ್ನಾಯುವೇ ಕೀವುಗಟ್ಟಿದುದನ್ನು ಕಂಡವರು ಬಹಳ ವಿರಳ. ಆರೋಗ್ಯವಾಗಿರುವ ಸ್ನಾಯುವು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ.

ಇದನ್ನು ಜಪಾನಿನ ಮಿಯಾಕೆ ಎಂಬ ಸಂಶೋಧಕನು 1904ರಲ್ಲಿ ಮೊಲಗಳ ಮೇಲೆ ಪರೀಕ್ಷಿಸಿ ತೋರಿಸಿದನು. ಕೀವನ್ನುಂಟುಮಾಡುವ ಸ್ಟ್ಯಾಫಿಲೊಕಾಕಸ್ ಜೀವಿಗಳನ್ನು ಅವನು ಮೊಲಗಳ ರಕ್ತಕ್ಕೆ ಸೇರಿಸಿದರೂ ಅವುಗಳ ಸ್ನಾಯುಗಳಲ್ಲಿ ಕೀವು ಕಟ್ಟಲಿಲ್ಲ. ಆದರೆ ಮೊದಲೇ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ಆ ಸ್ಥಳದಲ್ಲಿ ಕೀವು ಕಟ್ಟಿತು. ಎಂದರೆ, ಸ್ನಾಯುವಿನ ಕೋಟೆಯು ಭದ್ರವಾದುದೇ ಸರಿ. ಗೋಡೆ ಬಿರುಕು ಬಿಟ್ಟಾಗ ಮಾತ್ರ ಶತ್ರುವಿಗೆ ಪ್ರವೇಶ.

ಇದು ನಮ್ಮ ಸುದೈವ. ಆದರೆ ಈ ಸುದೈವದಲ್ಲಿಯೇ ಒಂದು ಅಪಾಯವೂ ಅಡಗಿದೆ. ಪದೇ ಪದೇ ಕಾಣುವ ರೋಗವನ್ನು ಮನೆಯ ಅಜ್ಜಿಯೂ ಗುರುತಿಸಬಲ್ಲಳು. ಆಯುಷ್ಯದಲ್ಲಿ ಒಮ್ಮೆಯೋ ಎರಡು ಬಾರಿಯೋ ಕಾಣುವ ರೋಗವನ್ನು ಅನುಭವಿಯಾದ ವೈದ್ಯನೂ ಮೊದಲ ನೋಟಕ್ಕೆ ಗುರುತಿಸಲಾರನು. ಸ್ನಾಯುವನ್ನು ಹೊಕ್ಕು ಕೊಲ್ಲುವ ಸೋಂಕುಗಳು ಇಂಥವು. ಇವುಗಳಲ್ಲಿ ತೀವ್ರವಾದವು ರೋಗಿಗೆ ಕೊಡುವ ಅವಕಾಶವು ದಿನಗಳ ಲೆಕ್ಕದಲ್ಲಿರುವುದಿಲ್ಲ, ಗಂಟೆಗಳ ಲೆಕ್ಕದಲ್ಲಿರುತ್ತದೆ. ಆದುದರಿಂದ ಇವುಗಳ ವಿಷಯದಲ್ಲಿ ಕಣ್ಣಿನ ಸಾಕ್ಷ್ಯಕ್ಕೂ ಯಂತ್ರದ ಸಾಕ್ಷ್ಯಕ್ಕೂ ಕಾಯುತ್ತ ಕುಳಿತುಕೊಳ್ಳದೆ ರೋಗಿಯ ನೋವಿನ ಮಾತಿಗೆ ಮೊದಲ ಮನ್ನಣೆ ಕೊಡಬೇಕೆಂಬುದು ಈ ಲೇಖನದ ಅಭಿಪ್ರಾಯ. ಇದು ಕನಿಕರದ ಮಾತಷ್ಟೇ ಅಲ್ಲ. ಇದಕ್ಕೆ ವಿಜ್ಞಾನದ ಆಧಾರವಿದೆ.

ಮೊದಲು ಈ ರೋಗಗಳ ಪರಿಚಯವನ್ನು ಮಾಡಿಕೊಳ್ಳೋಣ. ಮುಖ್ಯವಾದವು ಮೂರು.

ಒಂದನೆಯದು ಸ್ನಾಯುವಿನಲ್ಲಿ ಕೀವುಗಟ್ಟುವ ರೋಗ. ಇದಕ್ಕೆ ಪಯೊಮಯೊಸೈಟಿಸ್ ಎಂದು ಹೆಸರು. ಜಪಾನಿನಲ್ಲಿದ್ದ ಶಸ್ತ್ರವೈದ್ಯ ಯೂಲಿಯಸ್ ಸ್ಕ್ರಿಬಾ 1885ರಲ್ಲಿ ಇದನ್ನು ವರ್ಣಿಸಿದನು. ಉಷ್ಣವಲಯದ ದೇಶಗಳಲ್ಲಿ ಹೆಚ್ಚಾಗಿ ಕಂಡುಬಂದುದರಿಂದ ಇದಕ್ಕೆ ಉಷ್ಣವಲಯದ ರೋಗವೆಂಬ ಹೆಸರೂ ಅಂಟಿಕೊಂಡಿತು. ಬಹುತೇಕ ಪ್ರಸಂಗಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯವೇ ಇದಕ್ಕೆ ಕಾರಣ. ತೊಡೆ, ಪೃಷ್ಠ, ಸೊಂಟದ ಒಳಭಾಗ ಮುಂತಾದ ದೊಡ್ಡ ಸ್ನಾಯುಗಳು ಇದರ ನೆಲೆ. ಮೊದಲ ಘಟ್ಟದಲ್ಲಿ ಸೆಳೆತದಂಥ ನೋವು, ಸಣ್ಣ ಜ್ವರ ಮಾತ್ರ ಇರುತ್ತವೆ. ಆಟದಲ್ಲಿ ಕಾಲು ಉಳುಕಿತೆಂದು ಎಲ್ಲರೂ ಸುಮ್ಮನಾಗುತ್ತಾರೆ. ಕೆಲವು ದಿನಗಳ ಅಥವಾ ವಾರಗಳ ಮೇಲೆ ಎರಡನೆಯ ಘಟ್ಟ: ಕೀವು ತುಂಬಿ ಸ್ನಾಯು ಬಿಗಿಯುತ್ತದೆ, ಜ್ವರ ಏರುತ್ತದೆ. ಮೂರನೆಯ ಘಟ್ಟದಲ್ಲಿ ನಂಜು ರಕ್ತದ ಮೂಲಕ ದೇಹವನ್ನೆಲ್ಲ ವ್ಯಾಪಿಸುತ್ತದೆ. ಎರಡನೆಯ ಘಟ್ಟದಲ್ಲಿ ಕೀವನ್ನು ಹೊರಕ್ಕೆ ತೆಗೆದು ತಕ್ಕ ಔಷಧವನ್ನು ಕೊಟ್ಟರೆ ಬಹುತೇಕ ರೋಗಿಗಳು ಪೂರ್ಣವಾಗಿ ಗುಣಹೊಂದುತ್ತಾರೆ. ಮೂವರಲ್ಲಿ ಇದೇ ಸೌಮ್ಯ, ಇದು ಕಾಯುತ್ತದೆ.

ಎರಡನೆಯದು ಗ್ಯಾಸ್ ಗ್ಯಾಂಗ್ರೀನ್. ಇದು ಕಾಯುವುದಿಲ್ಲ. ಇದರ ಮುಖ್ಯ ಕಾರಣಜೀವಿಯಾದ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸನ್ನು ಅಮೆರಿಕದ ವೆಲ್ಚ್ ಮತ್ತು ನಟಾಲ್ ಎಂಬವರು 1892ರಲ್ಲಿ ಪ್ರಪಂಚಕ್ಕೆ ಪರಿಚಯಿಸಿದರು. ಇದು ಮಣ್ಣಿನಲ್ಲಿಯೂ ದನ, ಕುದುರೆ, ಮನುಷ್ಯರ ಕರುಳಿನಲ್ಲಿಯೂ ವಾಸಿಸುವ ಜೀವಿ. ಆಮ್ಲಜನಕವು ಇದಕ್ಕೆ ಆಗದು. ಪ್ರತಿಕೂಲ ಕಾಲದಲ್ಲಿ ಗಟ್ಟಿ ಕವಚವುಳ್ಳ ಬೀಜಾಣುವಾಗಿ ಧೂಳಿನಲ್ಲಿ ಬಿದ್ದಿರುತ್ತದೆ. ರಕ್ತಸಂಚಾರವಿಲ್ಲದ, ಜಜ್ಜಿಹೋದ ಮಾಂಸ ಸಿಕ್ಕಿದೊಡನೆ ಎಚ್ಚರಗೊಳ್ಳುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 10 ನಿಮಿಷಗಳಿಗೊಮ್ಮೆ ಒಂದು ಎರಡಾಗುತ್ತದೆ. ಹೀಗೆ ಬೆಳೆಯುವಾಗ ಉಂಟಾಗುವ ಅನಿಲವು ಮಾಂಸದಲ್ಲಿ ಗುಳ್ಳೆಗಟ್ಟುತ್ತದೆ. ಒತ್ತಿದರೆ ಚರಚರ ಎನ್ನುತ್ತದೆ. ಆದರೆ ಕೊಲ್ಲುವುದು ಈ ಅನಿಲವಲ್ಲ, ಜೀವಿಯು ಸುರಿಸುವ ವಿಷ. ಇದರ ಪ್ರಧಾನ ವಿಷವು ಜೀವಕೋಶಗಳ ಹೊರಪೊರೆಯನ್ನೇ ಕರಗಿಸುವ ಒಂದು ಕಿಣ್ವವೆಂದು 1941ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ನೈಟ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ತೋರಿಸಿದರು. ಬ್ಯಾಕ್ಟೀರಿಯದ ವಿಷವೊಂದು ಕಿಣ್ವವೆಂದು ಸಿದ್ಧವಾದುದು ಅದೇ ಮೊದಲು. ಈ ವಿಷದಿಂದ ರಕ್ತಕಣಗಳು ನಾಳಗಳೊಳಗೇ ಗುಂಪುಗಟ್ಟಿ ದಾರಿಯನ್ನು ಮುಚ್ಚುತ್ತವೆ. ರಕ್ತ ತಲುಪದ ಮಾಂಸ ಸಾಯುತ್ತದೆ. ಸತ್ತ ಮಾಂಸದಲ್ಲಿ ಜೀವಿಯು ಮತ್ತಷ್ಟು ಬೆಳೆಯುತ್ತದೆ.

ಮೂರನೆಯದು ಸ್ಟ್ರೆಪ್ಟೊಕಾಕಸ್ ಜೀವಿಗಳ ದಾಳಿ. ಮಕ್ಕಳಿಗೆ ಗಂಟಲು ನೋವು ತರುವ ಆ ಸಾಧಾರಣ ಜೀವಿಯೇ ಎಲ್ಲಿಯೋ ಒಮ್ಮೆ ಸ್ನಾಯುವನ್ನೂ, ಸ್ನಾಯುವಿಗೆ ಹೊದಿಸಿರುವ ತೆಳುಪೊರೆಯನ್ನೂ ಹೊಕ್ಕು ಕಾಳ್ಗಿಚ್ಚಿನಂತೆ ಹರಡುತ್ತದೆ. ಪೆಕಿಂಗಿನಲ್ಲಿ ಕೆಲಸಮಾಡುತ್ತಿದ್ದ ಫ್ರ್ಯಾಂಕ್ ಮೆಲಿನಿ ಎಂಬ ಅಮೆರಿಕನ್ ಶಸ್ತ್ರವೈದ್ಯ 1924ರಲ್ಲಿ ಇಂಥ 20 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಈ ದಾಳಿಗೆ ತೆರೆದ ಗಾಯವೇ ಬೇಕೆಂದಿಲ್ಲ. ಚರ್ಮ ಒಡೆಯದ ಪೆಟ್ಟು, ಉಳುಕಿದ ಸ್ನಾಯು ಇಷ್ಟೇ ಸಾಕಾದ ಪ್ರಸಂಗಗಳು ಅನೇಕ. ಮಿಯಾಕೆಯ ಮೊಲಗಳನ್ನು ಇಲ್ಲಿ ಸ್ಮರಿಸಬಹುದು.

ಇಂಥ ರೋಗಗಳಿಗೆ ಚಿಕಿತ್ಸೆ ಏನು? ಪೆನಿಸಿಲಿನ್ ಬಂದ ಮೇಲೆ ಇವುಗಳ ಕಥೆ ಮುಗಿಯಿತೆಂದು ನಮ್ಮ ವಿದ್ಯಾರ್ಥಿಗಳು ಎಣಿಸಬಹುದು. ಎಷ್ಟೋ ಮಂದಿ ದೊಡ್ಡವರೂ ಹಾಗೆಯೇ ಎಣಿಸಿದ್ದಾರೆ. ಆದರೆ ಚರಿತ್ರೆಯೂ ಪ್ರಯೋಗವೂ ಬೇರೆಯದನ್ನೇ ಹೇಳುತ್ತವೆ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹೊಲಗಳು ರಣರಂಗಗಳಾದುವು. ತಲೆತಲಾಂತರದಿಂದ ಗೊಬ್ಬರ ಉಂಡ ಮಣ್ಣು ಅದು. ಷೆಲ್ಲಿನ ಚೂರುಗಳು ಆ ಮಣ್ಣನ್ನೂ ಬಟ್ಟೆಯ ಚಿಂದಿಯನ್ನೂ ಸೈನಿಕರ ತೊಡೆಯ ಆಳಕ್ಕೆ ಒಯ್ದುವು. ಗ್ಯಾಸ್ ಗ್ಯಾಂಗ್ರೀನ್ ಸಾವಿರಾರು ತರುಣರನ್ನು ಬಲಿ ತೆಗೆದುಕೊಂಡಿತು. ವೈದ್ಯರು ಗಾಯಗಳಿಗೆ ತೀವ್ರವಾದ ಜಂತುನಾಶಕಗಳನ್ನು ಸುರಿದರು, ಫಲ ಸಿಕ್ಕಲಿಲ್ಲ. ಏಕೆ ಸಿಕ್ಕಲಿಲ್ಲವೆಂಬುದನ್ನು ಬೂಲೋನ್ ನಗರದ ಯುದ್ಧ ಪ್ರಯೋಗಶಾಲೆಯಲ್ಲಿದ್ದ ತರುಣನೊಬ್ಬನು ಬಹು ಸರಳವಾಗಿ ತೋರಿಸಿದನು. ಅವನು ಗಾಜಿನ ನಳಿಗೆಯೊಂದನ್ನು ಕಾಯಿಸಿ ಅದರ ಗೋಡೆಯಿಂದ ಹಲವು ಚೂಪಾದ ಟೊಳ್ಳು ಕೊಂಬುಗಳನ್ನು ಎಳೆದು, ಅಂಕುಡೊಂಕಾದ ಗಾಯದ ಪ್ರತಿಕೃತಿಯನ್ನು ರಚಿಸಿದನು. ಸೋಂಕಿದ ದ್ರವವನ್ನು ಅದರಲ್ಲಿ ತುಂಬಿ ಚೆಲ್ಲಿ, ಜಂತುನಾಶಕದಿಂದ ತೊಳೆದು, ಮತ್ತೆ ಶುದ್ಧ ದ್ರವವನ್ನು ತುಂಬಿಟ್ಟನು. ಮರುದಿನ ನೋಡಿದರೆ ಜೀವಿಗಳು ಮೊದಲಿನಂತೆಯೇ ತುಂಬಿದ್ದುವು. ಕೊಂಬುಗಳ ತುದಿಗೆ ಔಷಧ ಮುಟ್ಟಿರಲಿಲ್ಲ. ಆ ತರುಣನೇ ಅಲೆಕ್ಸಾಂಡರ್ ಫ್ಲೆಮಿಂಗ್. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದವನು. ಯುದ್ಧಕಾಲದ ಶಸ್ತ್ರವೈದ್ಯರು ಕೊನೆಗೆ ಕಲಿತ ಪಾಠವಿದು: ಗಾಯವನ್ನು ಅಗಲವಾಗಿ ಬಿಚ್ಚಬೇಕು, ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆಯಬೇಕು, ಒಡನೆಯೇ ಹೊಲಿಯದೆ ತೆರೆದಿಡಬೇಕು.

ಪೆನಿಸಿಲಿನ್ ಬಳಕೆಗೆ ಬಂದ ಮೇಲಾದರೂ ಈ ಪಾಠ ಹಳತಾಯಿತೆ? ಇಲ್ಲ. 1952ರಲ್ಲಿ ಅಮೆರಿಕದ ಹ್ಯಾರಿ ಈಗಲ್ ಎಂಬ ವಿಜ್ಞಾನಿಯು ಇಲಿಗಳ ತೊಡೆಯ ಸ್ನಾಯುವಿಗೆ ಸ್ಟ್ರೆಪ್ಟೊಕಾಕಸನ್ನು ಚುಚ್ಚಿ, ಬೇರೆ ಬೇರೆ ಅವಧಿಗಳ ಮೇಲೆ ಪೆನಿಸಿಲಿನ್ ಕೊಟ್ಟು ನೋಡಿದನು. ಬೇಗನೆ ಕೊಟ್ಟಾಗ ಔಷಧ ಗೆದ್ದಿತು. ತಡವಾದಾಗ ಅದೇ ಔಷಧ ಸೋತಿತು. ಪೆನಿಸಿಲಿನ್ ಕೆಲಸಮಾಡುವುದು ಜೀವಿಯು ತನ್ನ ಕೋಶದ ಗೋಡೆಯನ್ನು ಕಟ್ಟಿಕೊಳ್ಳುತ್ತಿರುವಾಗ. ಸಂಖ್ಯೆ ಮಿತಿಮೀರಿ ಬೆಳವಣಿಗೆ ನಿಧಾನವಾದ ಜೀವಿಗಳು ಗೋಡೆ ಕಟ್ಟುವುದನ್ನು ಕಡಿಮೆಮಾಡುತ್ತವೆ. ಆಗ ಪೆನಿಸಿಲಿನ್ನಿಗೆ ಹಿಡಿತ ಸಿಕ್ಕುವುದಿಲ್ಲ. 1988ರಲ್ಲಿ ಡೆನಿಸ್ ಸ್ಟೀವನ್ಸ್ ಮತ್ತು ಸಂಗಡಿಗರು ಇದೇ ಬಗೆಯ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಕ್ಲಿಂಡಮೈಸಿನ್ ಎಂಬ ಔಷಧವನ್ನು 16 ಗಂಟೆಗಳಿಗೂ ಮೀರಿ ತಡವಾಗಿ ಕೊಟ್ಟಾಗಲೂ ನೂರಕ್ಕೆ 70 ಇಲಿಗಳು ಬದುಕಿದುದನ್ನು ವರದಿಮಾಡಿದರು. ಈ ಔಷಧ ಜೀವಿಯ ಪ್ರೋಟೀನು ತಯಾರಿಕೆಯನ್ನು ತಡೆಯುತ್ತದೆ. ಪ್ರೋಟೀನು ನಿಂತರೆ ವಿಷವೂ ನಿಂತಿತು. ಇದರಿಂದಲೇ ಇಂದು ಸ್ಟ್ರೆಪ್ಟೊಕಾಕಸ್ ಮತ್ತು ಕ್ಲಾಸ್ಟ್ರಿಡಿಯಂಗಳ ಇಂಥ ಸೋಂಕುಗಳಲ್ಲಿ ಎರಡನ್ನೂ ಜೊತೆಯಾಗಿ ಕೊಡುವ ಪದ್ಧತಿ ಬಂದಿದೆ. ಆದರೆ ಯಾವ ಔಷಧವೇ ಆಗಲಿ ರಕ್ತದ ಮೂಲಕವೇ ಹೋಗಬೇಕಷ್ಟೆ. ರಕ್ತ ಹರಿಯದ ಸತ್ತ ಮಾಂಸಕ್ಕೆ ಅದು ತಲುಪುವುದೆಂತು? ಫ್ಲೆಮಿಂಗನ ಗಾಜಿನ ಕೊಂಬು ಇಲ್ಲಿ ಮತ್ತೊಂದು ರೂಪದಲ್ಲಿ ಎದುರು ನಿಲ್ಲುತ್ತದೆ. 1961ರಲ್ಲಿ ಆಮ್‌ಸ್ಟರ್‌ಡಾಮಿನ ವೈದ್ಯರು ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಗ್ಯಾಸ್ ಗ್ಯಾಂಗ್ರೀನ್ ರೋಗಿಗಳಿಗೆ ಚಿಕಿತ್ಸೆ ಮಾಡಿದರು. ಅದು ಕೆಲವೆಡೆ ನೆರವಾದೀತು, ಶಸ್ತ್ರಕ್ರಿಯೆಗೆ ಬದಲಾಗಲಾರದು.

ಆದ ಕಾರಣ ಔಷಧ, ಶಸ್ತ್ರ ಎರಡೂ ಬೇಕು. ಎರಡೂ ಬೇಗನೆ ಬೇಕು. ಬೇಗನೆ ಆಗಬೇಕಾದರೆ ಬೇಗನೆ ಗುರುತಿಸಬೇಕು. ಇಲ್ಲಿಯೇ ಇರುವುದು ನಿಜವಾದ ತೊಡಕು.

ಈ ಸೋಂಕು ಆಳದಲ್ಲಿ ಹುಟ್ಟುತ್ತದೆ. ಮೊದಲ ಗಂಟೆಗಳಲ್ಲಿ ಮೇಲಿನ ಚರ್ಮ ಹೆಚ್ಚು ಕಡಿಮೆ ಸಹಜವಾಗಿಯೇ ಕಾಣುತ್ತದೆ: ಸ್ವಲ್ಪ ಕೆಂಪು, ಸ್ವಲ್ಪ ಬಾವು, ಅಷ್ಟೆ. ಆದರೆ ಒಳಗೆ ಮಾಂಸ ಸಾಯುತ್ತಿರುವುದರಿಂದ ರೋಗಿಯು ತಡೆಯಲಾರದ ನೋವಿನಿಂದ ನರಳುತ್ತಾನೆ. ಕಾಣುವುದಕ್ಕೂ ನೋಯುವುದಕ್ಕೂ ತಾಳೆಯಿಲ್ಲದಿರುವುದೇ ಈ ರೋಗದ ಮೊದಲ ಗುರುತು. ಚರ್ಮ ನೀಲಿಯಾಗುವುದು, ಕಪ್ಪು ನೀರಿನ ಬೊಬ್ಬೆ ಏಳುವುದು, ಒತ್ತಿದರೆ ಚರಚರ ಸದ್ದಾಗುವುದು ಇವೆಲ್ಲ ಆಮೇಲೆ ಬರುವ ಚಿಹ್ನೆಗಳು. ಸದ್ದಂತೂ ಎಷ್ಟೋ ಮಂದಿಯಲ್ಲಿ ಬರುವುದೇ ಇಲ್ಲ. ಇನ್ನೂ ಒಂದು ಮೋಸವಿದೆ. ಚರ್ಮದ ನರಗಳೂ ಸತ್ತಾಗ ನೋವು ನಿಂತುಹೋಗಿ ಆ ಭಾಗ ಜೋಮುಗಟ್ಟುತ್ತದೆ. ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ಅದು ಗುಣವಲ್ಲ, ಕೇಡು.

ಈ ಮೊದಲ ಗುರುತನ್ನು ನಾವು ಎಷ್ಟು ಮಟ್ಟಿಗೆ ಕಡೆಗಣಿಸುತ್ತೇವೆಂಬುದಕ್ಕೆ ಸಿಂಗಾಪುರದಿಂದ 2003ರಲ್ಲಿ ಪ್ರಕಟವಾದ ವರದಿಯೊಂದು ನಿದರ್ಶನ. ಸ್ನಾಯುವಿನ ಹೊದಿಕೆಪೊರೆಯು ಕೊಳೆಯುವ ರೋಗಕ್ಕೆ ಒಳಗಾದ 89 ರೋಗಿಗಳ ವೃತ್ತಾಂತ ಅದು. ಆಸ್ಪತ್ರೆಗೆ ಸೇರಿದಾಗಲೇ ರೋಗವನ್ನು ಗುರುತಿಸಿದುದು ಕೇವಲ 13 ಮಂದಿಯಲ್ಲಿ. ಶಸ್ತ್ರಕ್ರಿಯೆಯು 24 ಗಂಟೆಗಳಿಗಿಂತ ತಡವಾದವರಲ್ಲಿ ಮರಣ ಹೆಚ್ಚಾಗಿತ್ತು. ಅದೇ ನಗರದ ವೈದ್ಯರು 2004ರಲ್ಲಿ ರಕ್ತದ ಆರು ಪರೀಕ್ಷೆಗಳನ್ನು ಕೂಡಿಸಿ ಅಂಕ ಕೊಡುವ ಕ್ರಮವೊಂದನ್ನು ರಚಿಸಿದರು. ಪ್ರಯತ್ನವು ಶ್ಲಾಘ್ಯವಾದುದೇ. ಆದರೆ ರೋಗವಿದ್ದೂ ಕಡಿಮೆ ಅಂಕ ಬರುವ ರೋಗಿಗಳು ಬಹು ಮಂದಿಯೆಂದು ಮುಂದಿನ ಅಧ್ಯಯನಗಳಲ್ಲಿ ತಿಳಿದುಬಂದಿತು. ಎಂ.ಆರ್.ಐ. ಚಿತ್ರವು ಸ್ನಾಯುವಿನ ಕೀವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ನಿಧಾನವಾದ ಪಯೊಮಯೊಸೈಟಿಸ್‌ನಲ್ಲಿ ಅದರಂಥ ಸಹಾಯ ಮತ್ತೊಂದಿಲ್ಲ. ಆದರೆ ರಕ್ತದೊತ್ತಡ ಕುಸಿಯುತ್ತಿರುವ ರೋಗಿಯನ್ನು ಚಿತ್ರಕ್ಕಾಗಿ ಕಾಯಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಹಾಗಾದರೆ ನಿರ್ಣಯಿಸುವುದು ಹೇಗೆ? ಸಂಶಯವಿದ್ದ ಸ್ಥಳದಲ್ಲಿ ಶಸ್ತ್ರವೈದ್ಯನು ಸಣ್ಣದೊಂದು ಕೊಯ್ತವನ್ನು ಮಾಡಿ ಒಳಗೆ ನೋಡುವುದೇ ನಿಶ್ಚಿತವಾದ ಮಾರ್ಗ. ಆರೋಗ್ಯವಾದ ಸ್ನಾಯು ಕೆಂಪಾಗಿರುತ್ತದೆ, ಬಿಗಿಯಾಗಿರುತ್ತದೆ, ಕೊಯ್ದರೆ ರಕ್ತ ಸುರಿಸುತ್ತದೆ, ಮುಟ್ಟಿದರೆ ಅದುರುತ್ತದೆ. ಸತ್ತುದಕ್ಕೆ ಈ ನಾಲ್ಕು ಗುಣಗಳೂ ಇಲ್ಲ. ಹೊದಿಕೆಪೊರೆ ಕೊಳೆತಿದ್ದರೆ ಬೆರಳು ತಡೆಯಿಲ್ಲದೆ ಒಳಗೆ ಜಾರುತ್ತದೆ; ಪಾತ್ರೆ ತೊಳೆದ ನೀರಿನಂಥ ಬೂದು ದ್ರವ ಹೊರಬರುತ್ತದೆ. ಹಾಗಿದ್ದರೆ ಆಗಲೇ ಸತ್ತುದೆಲ್ಲವನ್ನೂ ತೆಗೆಯಬೇಕು. ಸುಮಾರು 24 ಗಂಟೆಗಳೊಳಗೆ ಮತ್ತೆ ಬಿಚ್ಚಿ ನೋಡಬೇಕು. ಹಾಗಿಲ್ಲದಿದ್ದರೆ ರೋಗಿಗೆ ಉಳಿಯುವುದು ಒಂದು ಸಣ್ಣ ಕಲೆ.

ಇದಕ್ಕೆ ಆಕ್ಷೇಪಣೆ ಉಂಟು. ಕಾಲು ನೋವೆಂದು ಬಂದವರನ್ನೆಲ್ಲ ಹೀಗೆ ಸಂಶಯಿಸಿದರೆ ಆಸ್ಪತ್ರೆಗಳ ಗತಿಯೇನು? ನೂರು ಮಂದಿಗೆ ವ್ಯರ್ಥವಾಗಿ ಭಯವನ್ನು ಹುಟ್ಟಿಸುವುದಿಲ್ಲವೆ? ಈ ಪ್ರಶ್ನೆ ನ್ಯಾಯವಾದುದು. ನೋವು ತಕ್ಕಡಿಗೆ ಸಿಕ್ಕುವ ವಸ್ತುವಲ್ಲ. ಒಬ್ಬನು ಸಹಿಸಿದುದನ್ನು ಇನ್ನೊಬ್ಬನು ಸಹಿಸಲಾರನು. ಆದರೆ ಯಾರೂ ಎಲ್ಲರನ್ನೂ ಕೊಯ್ಯಿರೆಂದು ಹೇಳುತ್ತಿಲ್ಲ. ನೋವಿನ ಜೊತೆಗೆ ಜ್ವರ, ಜ್ವರಕ್ಕೆ ಮೀರಿದ ನಾಡಿಯ ವೇಗ, ಗಂಟೆಗಂಟೆಗೂ ಹಬ್ಬುವ ಬಾವು, ಮಂಕು ಕವಿಯುವಿಕೆ ಇವುಗಳಲ್ಲಿ ಯಾವುದಾದರೂ ಕೂಡಿದರೆ ಆಗ ಸಂಶಯಕ್ಕೆ ಬಲ ಬರುತ್ತದೆ. ಖಚಿತವಿಲ್ಲದಾಗ ಕೆಂಪಿನ ಅಂಚಿಗೆ ಶಾಯಿಯಲ್ಲಿ ಗೆರೆ ಎಳೆದು, ವೇಳೆಯನ್ನು ಬರೆದಿಟ್ಟು, ಎರಡು ಮೂರು ಗಂಟೆಗಳ ಮೇಲೆ ಮತ್ತೆ ನೋಡಬಹುದು. ಗೆರೆ ದಾಟಿದ್ದರೆ ಉತ್ತರ ಸಿಕ್ಕಿತು. ಇದಕ್ಕೆ ಯಾವ ಯಂತ್ರವೂ ಬೇಡ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಇದು ಸಾಧ್ಯ. ಕೊನೆಯದಾಗಿ, ಏನೂ ಸಿಕ್ಕದ ಕೊಯ್ತವನ್ನು ನಾವು ತಪ್ಪೆಂದು ಗಣಿಸುವುದನ್ನು ಬಿಡಬೇಕು. ವೈದ್ಯನು ವೃಥಾ ಕೊಯ್ದನೆಂದು ದೂರುವ ಸಮಾಜದಲ್ಲಿ ಯಾವ ವೈದ್ಯನಿಗೂ ಬೇಗನೆ ಕೊಯ್ಯುವ ಧೈರ್ಯ ಬರುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಇಂದಿನ ಎರಡು ಅಂಗುಲದ ಕೊಯ್ತಕ್ಕೆ ಹೆದರಿದರೆ ನಾಳೆ ಇಡೀ ಕಾಲನ್ನೇ ತೆಗೆಯಬೇಕಾದೀತು. ನಾಡಿದ್ದು ಅದಕ್ಕೂ ಅವಕಾಶ ಉಳಿಯದು.

ವಿರಳವೆಂದು ನಾವು ಹೇಳುವ ರೋಗವು ಕೆಲವು ವೇಳೆ ನಿಜವಾಗಿ ವಿರಳವಾಗಿರುವುದಿಲ್ಲ, ಗುರುತಿಸದೆ ಹೋದುದಾಗಿರುತ್ತದೆ. ಇದಕ್ಕೆ ನಮ್ಮ ಕರಾವಳಿಯಲ್ಲಿಯೇ ಉದಾಹರಣೆಯಿದೆ. 1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಹೊಸ ರೋಗವೊಂದನ್ನು ಕಂಡರು. ಮೆಲಿಯೊಯ್ಡೊಸಿಸ್ ಎಂಬುದು ಅದರ ಇಂದಿನ ಹೆಸರು. ಗದ್ದೆಯ ಕೆಸರಿನಲ್ಲಿರುವ ಒಂದು ಬ್ಯಾಕ್ಟೀರಿಯ ಇದಕ್ಕೆ ಕಾರಣ. ಇದು ಶ್ವಾಸಕೋಶವನ್ನು ಹಿಡಿಯುವುದು ಹೆಚ್ಚು. ಸ್ನಾಯುಗಳಲ್ಲಿಯೂ ಕೀವು ಕಟ್ಟಿಸುವುದುಂಟು. ಉಡುಪಿ, ಮಂಗಳೂರು ಪ್ರದೇಶಗಳಲ್ಲಿ ವೈದ್ಯರು ಇದನ್ನು ಉದ್ದೇಶಪೂರ್ವಕವಾಗಿ ಹುಡುಕಲಾರಂಭಿಸಿದ ಮೇಲೆ, ಮುಖ್ಯವಾಗಿ ಮಳೆಗಾಲದಲ್ಲಿ, ಸಿಹಿಮೂತ್ರ ರೋಗಿಗಳಲ್ಲಿ, ಪ್ರತಿವರ್ಷವೂ ಪ್ರಸಂಗಗಳು ಕಂಡುಬರುತ್ತಿವೆ. ಪ್ರಯೋಗಶಾಲೆಯು ಇದನ್ನು ಬೇರೊಂದು ಸಾಮಾನ್ಯ ಜೀವಿಯೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಪೆನಿಸಿಲಿನ್, ಜೆಂಟಮೈಸಿನ್‌ಗಳಿಗೆ ಇದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಸೆಫ್ಟಾಜಿಡೈಮ್‌ನಂಥ ಬೇರೆ ಔಷಧವೇ ಬೇಕು. ಆಮೇಲೆ ತಿಂಗಳುಗಟ್ಟಲೆ ಮಾತ್ರೆಗಳನ್ನು ಸೇವಿಸಬೇಕು. ಸಂಶಯಪಟ್ಟವನಿಗೆ ಮಾತ್ರ ಈ ರೋಗ ಕಾಣಿಸುತ್ತದೆ.

ಈಗ ನಮ್ಮ ತರುಣ ವಾಚಕರಿಗೆ ಎರಡು ಮಾತು. ನೀವೆಲ್ಲರೂ ವೈದ್ಯರಾಗುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ರೋಗಿಯ ಮಾತನ್ನು ಮೊದಲು ಕೇಳುವವರು ನೀವೇ. ಹೊಲದಲ್ಲಿಯೋ ರಸ್ತೆಯಲ್ಲಿಯೋ ಆದ ಮಣ್ಣುಗೂಡಿದ ಆಳವಾದ ಗಾಯವನ್ನು ಅರಿಶಿನ ಮೆತ್ತಿ ಕಟ್ಟಿ ಮುಚ್ಚಬೇಡಿ. ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿರಿ. ಪೆಟ್ಟು ಸಣ್ಣದು, ನೋವು ದೊಡ್ಡದು, ಮೇಲೆ ಜ್ವರವೂ ಇದೆಯೆಂದರೆ ಎಣ್ಣೆ ತಿಕ್ಕಿ ನೀವುತ್ತ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸುತ್ತ ರಾತ್ರಿಯನ್ನು ಕಳೆಯಬೇಡಿ. ನೋವನ್ನು ಮುಚ್ಚಿದರೆ ರೋಗದ ಒಂದೇ ಒಂದು ಸಾಕ್ಷಿಯ ಬಾಯಿಯನ್ನು ಮುಚ್ಚಿದಂತಾಯಿತು. ಸಿಹಿಮೂತ್ರ ರೋಗಿಗಳ, ಯಕೃತ್ತು ಕೆಟ್ಟವರ ವಿಷಯದಲ್ಲಿ ಎರಡು ಪಟ್ಟು ಎಚ್ಚರವಿರಲಿ. ವೈದ್ಯರಲ್ಲಿಗೆ ಹೋದಾಗ ನೋವು ಎಷ್ಟು ಗಂಟೆಗೆ ಆರಂಭವಾಯಿತು, ಎಲ್ಲಿಂದ ಎಲ್ಲಿಗೆ ಹಬ್ಬಿತು ಎಂಬುದನ್ನು ಸ್ಪಷ್ಟವಾಗಿ ಹೇಳಿರಿ. ಬೆಳಿಗ್ಗೆ ಏನೂ ಇಲ್ಲವೆಂದು ಕಳುಹಿಸಿದ್ದರೂ ಸಂಜೆಗೆ ನೋವು ಹೆಚ್ಚಿದ್ದರೆ ಸಂಕೋಚಪಡದೆ ಮತ್ತೆ ಹೋಗಿರಿ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ. ಆಗ ನಿಮ್ಮ ಮೇಜಿನ ಮೇಲೆ ಇಂದಿಗಿಂತ ಸೂಕ್ಷ್ಮವಾದ ಯಂತ್ರಗಳಿರುವುವು. ಅವುಗಳ ಅಂಕಗಳೆಲ್ಲ ಸರಿಯಾಗಿದ್ದು, ಎದುರಿಗೆ ಕುಳಿತ ಕೂಲಿಯವನೊಬ್ಬನು ಮಾತ್ರ ನೋವು ತಡೆಯಲಾರೆನೆಂದು ಹೇಳುವ ದಿನವೊಂದು ಬಂದೀತು. ಅಂದು ಅಂಕಗಳನ್ನು ಬದಿಗಿಟ್ಟು ಅವನ ಕಾಲನ್ನು ಇನ್ನೊಮ್ಮೆ ಮುಟ್ಟಿ ನೋಡಿರಿ.